ತಲೆ ಬಿಟ್ಟುಕೊಟ್ಟ ದಿನ

ಎಡಕ್ಕೆ ತಿರುಗದ ಕುತ್ತಿಗೆ ಹೊತ್ತುಕೊಂಡು ಭಟ್ಕಳದಿಂದ ಹೊನ್ನಾವರದ ಬಸ್ಸು ಹತ್ತುವಾಗಲೇ ಒಂದು ಸುಳ್ಳು ತಯಾರು ಮಾಡಿಕೊಂಡಿದ್ದೆ. ಮಲ್ಲಿಗೆ ಕಟ್ಟುತ್ತೇನೆಂದು ಹೇಳಬಾರದು. ಪಕ್ಕದ ಮನೆಯ ಅಕ್ಕ ಇಂಥದೇ ಕುತ್ತಿಗೆ ನೋವಿಗೆ ಹೋಗಿ, ನಿಜ ಹೇಳಿ ಕೆಟ್ಟಳು. ಹೂ ಕಟ್ಟುವುದು ಬಿಡಿ ಅಂದರಂತೆ ಡಾಕ್ಟರು. ಅವಳ ಕುತ್ತಿಗೆ ಸರಿಯಾಯಿತು; ಈಗ ದಿನಾ ನಮ್ಮ ಜಗಲಿಗೆ ಬಂದು ನನ್ನ ಮೊಗ್ಗಿನ ಬುಟ್ಟಿ ನೋಡುತ್ತ ಕೂರುತ್ತಾಳೆ. ಆ ಗತಿ ನನಗೆ ಬೇಡವಾಗಿತ್ತು.

ಹೊನ್ನಾವರದ ಆಸ್ಪತ್ರೆಯ ಫಿಸಿಯೋಥೆರಪಿಯವಳು ನನ್ನ ಮಗಳ ವಯಸ್ಸಿನ ಹುಡುಗಿ. ಸೂಜಿ ಇಲ್ಲ, ಗುಳಿಗೆ ಇಲ್ಲ, ಎಣ್ಣೆಯೂ ಇಲ್ಲ, ಬರೀ ಕೈ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಅವಳ ಬಿಳಿ ಕೋಟನ್ನೇ ನೋಡಿದೆ.

"ಎಂತ ಕೆಲ್ಸ ಮಾಡ್ತ್ರಿ ಅಮ್ಮ?"

"ಎಂತದೂ ಇಲ್ಲ. ಮನೆಲೇ ಇರ್ತೆ."

ಅಂಗಾತ ಮಲಗಿಸಿ ತಲೆಯನ್ನು ಎರಡೂ ಅಂಗೈಯಲ್ಲಿ ಎತ್ತಿದಳು. ಕ್ಷೌರದಂಗಡಿಯಲ್ಲಿ ಕುತ್ತಿಗೆಯ ನೆಟಿಗೆ ಮುರಿಸಿಕೊಂಡು ಎರಡು ದಿನ ಮಲಗಿದ ನನ್ನ ಭಾವ ನೆನಪಾದ. ಭಯವೇ ಆಯಿತು.

"ತಲೆ ಬಿಡಿ ಅಮ್ಮ."

"ಬಿಟ್ಟಾತಲ್ಲ."

"ಇಲ್ಲ, ನೀವೇ ಹಿಡ್ಕಂಡಿದ್ರಿ."

ಎರಡು ಸಲ ಹೋದರೂ ಇದೇ ಕತೆ. ಕುತ್ತಿಗೆ ಕೂದಲೆಳೆಯಷ್ಟೂ ತಿರುಗಲಿಲ್ಲ. ಇವಳ ಕೈಯಲ್ಲಿ ಏನೂ ಇಲ್ಲವೆಂದು ಮನೆಯಲ್ಲಿ ಸಾರಿದೆ.

ಮೂರನೆಯ ಸಲ ಬೋರಲು ಮಲಗಿಸಿ ಭುಜ ಒತ್ತುತ್ತಿದ್ದವಳು ಕಾಲಿನ ಕಡೆ ಹೋಗಿ ನಿಂತಳು. ಕುತ್ತಿಗೆಗೆ ಬಂದವಳ ಕಾಲಲ್ಲಿ ಇವಳಿಗೇನು ಕೆಲಸ? ನನ್ನ ಬಲಗಾಲಿನ ಹೆಬ್ಬೆರಳು ಮುಟ್ಟಿದಳು. ಬಾಳೆನಾರಿನ ತುದಿಯನ್ನು ಅಲ್ಲಿಗೆ ಸುತ್ತಿ, ಬಗ್ಗಿ ಕೂತು ಮಾಲೆ ಕಟ್ಟುವುದು ಅಮ್ಮನಿಂದ ಬಂದ ಅಭ್ಯಾಸ. ವರ್ಷಗಟ್ಟಲೆ ಎಳೆದು ಬೆರಳಿನಲ್ಲಿ ಗೀರು ಬಿದ್ದಿದೆ.

"ಮಲ್ಲಿಗೆ ಕಟ್ತ್ರಿ ಅಲ್ದಾ?"

ಸಿಕ್ಕಿಬಿದ್ದೆ. ನಾಚಿಕೆಗಿಂತ ಸಿಟ್ಟೇ ಹೆಚ್ಚು ಬಂತು. "ಹೌದು, ಕಟ್ತೆ. ಬಿಡೂಕಾಗೂದಿಲ್ಲ ನಂಗೆ," ಎಂದೆ.

"ಬಿಡೂಕೆ ಯಾರು ಹೇಳಿದ್ರು? ನಾರು ಕಾಲಿಗೆ ಸುತ್ತಬೇಡಿ. ಕಿಟಕಿ ಸರಳಿಗೆ ಕಟ್ಟಿ, ಕುರ್ಚಿ ಮೇಲೆ ಕೂತು ಮಾಲೆ ಕಟ್ಟಿ. ಬಗ್ಗೂದು ತಪ್ತದೆ."

ಅಷ್ಟೇನಾ ಎಂದು ಕೇಳಿದೆ. ಅಷ್ಟೇ ಅಂದಳು.

ಅಂಗಾತ ಹೊರಳಿದೆ. ಅವಳು ಎಂದಿನಂತೆ ತಲೆಯ ಕೆಳಗೆ ಕೈ ಇಟ್ಟಳು. ಈ ಸಲ ತಲೆ ಬಿಡಿ ಎಂದು ಅವಳು ಹೇಳಬೇಕಾಗಲಿಲ್ಲ.