ಮೀಸಲು ಮರಿಯ ಮೈವಾಸನೆ

ಬುಕ್ಕಾಪಟ್ಟಣದಿಂದ ಆಚೆ, ಕುರುಚಲು ಕಾಡಿನ ಅಂಚಿನಲ್ಲಿರುವ ನಮ್ಮ ಹಟ್ಟಿಯಲ್ಲಿ ರಂಗಕ್ಕನಷ್ಟು ಹಟದ ಹೆಂಗಸು ಇನ್ನೊಬ್ಬಳಿಲ್ಲ. ನಾನು ಸಿದ್ದಗಂಗಿ, ಪಕ್ಕದ ಮನೆಯವಳು. ನಡುವೆ ಇರುವುದು ಒಂದೇ ಗೋಡೆ, ಹಾಗಾಗಿ ಅವಳ ಬೈಗುಳದಲ್ಲಿ ನನಗೂ ಧಾರಾಳವಾಗಿ ಪಾಲು ಬಂದಿದೆ. ಅವಳ ಗಂಡ ಮುದ್ದಣ್ಣ ಕುರಿಗಳ ಹಿಂದೆ ಹೋದರೆ ಇವಳು ಮರಿಗಳ ಹಿಂದೆ. ಮಕ್ಕಳಿಲ್ಲ. ಗಂಡ ಹೆಂಡತಿ ಒಂದು ಒಳ್ಳೆ ಮಾತಾಡಿದ್ದನ್ನು ನಾನು ಕೇಳಿಲ್ಲ, ಒಬ್ಬರನ್ನು ಬಿಟ್ಟು ಇನ್ನೊಬ್ಬರು ಉಂಡಿದ್ದನ್ನೂ ನೋಡಿಲ್ಲ.

ಈ ಸಲದ ಚಳಿಗೆ ಮುದ್ದಣ್ಣನಿಗೆ ನ್ಯುಮೋನಿಯಾ ಆಗಿ ಶಿರಾದ ಆಸ್ಪತ್ರೆಯಲ್ಲಿ ಮಲಗಿಸಿದರು. ರಂಗಕ್ಕ ಮನೆದೇವರಿಗೆ ಹರಕೆ ಹೊತ್ತಳು: ಗಂಡನನ್ನು ಉಳಿಸಿಕೊಡು, ಕರಿ ಕುರಿಯ ಚೊಚ್ಚಲ ಮರಿ ನಿನಗೇ ಮೀಸಲು. ಮೀಸಲು ಮರಿಯನ್ನು ಮಾರುವಂತಿಲ್ಲ, ಕೊಯ್ಯುವಂತಿಲ್ಲ. ಅರಿಶಿಣದ ನೀರು ಹೊಯ್ದು, ಕೊರಳಿಗೆ ದಾರ ಕಟ್ಟಿ, ಮಂದೆಯಲ್ಲಿ ಬೆಳೆಯಲು ಬಿಡಬೇಕು. ಅದು ಸತ್ತರೆ ಹರಕೆಯನ್ನು ದೇವರು ಒಪ್ಪಲಿಲ್ಲ ಎಂದೇ ನಮ್ಮ ಕಡೆಯ ನಂಬಿಕೆ.

ದಾರ ಕಟ್ಟುವುದು ಮರಿ ಚೆನ್ನಾಗಿ ಕುಣಿದಾಡುವಂತಾದ ಮೇಲೆ. ಆದರೆ ಕರಿ ಕುರಿ ಈಯ್ದ ಬೆಳಿಗ್ಗೆಯೇ ಫೋನ್ ಬಂತು, ಮುದ್ದಣ್ಣನಿಗೆ ಜಾಸ್ತಿಯಾಗಿ ತುಮಕೂರಿಗೆ ಸಾಗಿಸುತ್ತಿದ್ದಾರೆ ಅಂತ. ರಂಗಕ್ಕನಿಗೆ ಬುದ್ಧಿ ಕೆಟ್ಟಿತು. ಲೋಳೆ ಆರದ ಮರಿಯನ್ನು ತಾಯಿ ನೆಕ್ಕುವುದಕ್ಕೂ ಬಿಡದೆ ಎತ್ತಿಕೊಂಡು ಹೋಗಿ, ಬೆಚ್ಚಗಿನ ಅರಿಶಿಣದ ನೀರಿನಲ್ಲಿ ತಿಕ್ಕಿ ತಿಕ್ಕಿ ತೊಳೆದು, ದಾರ ಕಟ್ಟಿ, ಮಧ್ಯಾಹ್ನದವರೆಗೆ ಮಡಿಲಲ್ಲಿಟ್ಟುಕೊಂಡು ದೇವರ ಮುಂದೆ ಕೂತಳು. ಆಮೇಲೆ ತಂದು ಬಿಟ್ಟರೆ ಕರಿ ಕುರಿ ಮರಿಯ ಬಾಲ ಮೂಸಿತು, ತಲೆ ತಗ್ಗಿಸಿ ಗುದ್ದಿ ಉರುಳಿಸಿತು. ಮತ್ತೆ ಬಿಟ್ಟರೆ ಮತ್ತೆ ಗುದ್ದಿತು.

ದನದ ಡಾಕ್ಟರು ಚೇತನ್ ಕುಮಾರ್ ಬಂದರು. ಕುರಿಯ ಕಾಲು ಹಿಡಿದು ಒಂದಿಷ್ಟು ಗಿಣ್ಣುಹಾಲು ಹಿಂಡಿ ಕುಡಿಸಿದರು. ತಡವಾಗಿದೆ, ಹೊಟ್ಟೆಗೆ ಇದು ಬೇಗ ಬಿದ್ದಿದ್ದರೆ ರೋಗ ತಡೆಯುವ ಶಕ್ತಿ ಬರುತ್ತಿತ್ತು ಎಂದರು.

"ನನ್ ಮರಿನ ನನ್ ಕುರೀನೇ ಯಾಕ್ ಒಲ್ಲೆ ಅಂತೈತೆ ಸಾಮಿ?" ಎಂದು ರಂಗಕ್ಕ ಕೇಳಿದಳು.

ಡಾಕ್ಟರು ಅಲ್ಲೇ ಕೂತು ಸಮಾಧಾನವಾಗಿ ಹೇಳಿದರು. ಒಂದೊಂದು ಜೀವಕ್ಕೂ ಒಂದೊಂದು ಮೈವಾಸನೆ. ರೋಗದ ಜೊತೆ ಹೋರಾಡಲು ಅಪ್ಪ ಅಮ್ಮನಿಂದ ಬರುವ ಜೀನುಗಳೇ ಆ ವಾಸನೆಗೂ ಒಂದಿಷ್ಟು ಕಾರಣವಾಗುತ್ತವೆ. ಇಲಿಗಳು ಉಚ್ಚೆ ಮೂಸಿಯೇ ತಮ್ಮವರು ಯಾರು, ಪರರು ಯಾರು ಎಂದು ತಿಳಿಯುವುದನ್ನು ವಿಜ್ಞಾನಿಗಳು ನೋಡಿದ್ದಾರೆ. ಕುರಿಯಲ್ಲಿ ಅದರ ಪಾಲೆಷ್ಟು ಎಂದು ಇನ್ನೂ ಗಟ್ಟಿಯಾಗಿ ಹೇಳಲಾಗದು.

ರಂಗಕ್ಕನ ಮುಖ ಅರಳಿತು. "ಅಂಗಾರೆ ಒಳಗಿನ ವಾಸನೆ ನೀರಿಗೆ ಹೋಗಾಕಿಲ್ಲ. ನಾಳೆ ನಾಡಿದ್ದಕ್ಕೆ ಬತ್ತದೆ ಅಲ್ವಾ?"

"ಬರುತ್ತಮ್ಮ. ಆದ್ರೆ ಅದನ್ನ ತಾಯಿ ಕಲಿಯೋದು ಈಯ್ದ ಕೂಡಲೇ, ಒದ್ದೆ ಮರೀನ ನೆಕ್ಕುವಾಗ. ಇದು ಕಲೀಲೇ ಇಲ್ಲ. ಈಗ ಆ ವಾಸನೆ ಬಂದ್ರೂ ಇದಕ್ಕೆ ಯಾರೋ ಪರರ ಮರಿ."

ಬಾಟಲಿ ಹಾಲಿಗೆ ಮರಿ ಭೇದಿ ಹಚ್ಚಿಕೊಂಡಿತು. ಡಾಕ್ಟರು ಕೊಟ್ಟ ಔಷಧಿಗೂ ಅದು ನಿಲ್ಲಲಿಲ್ಲ. ಕರಿ ಕುರಿಯನ್ನು ಕಂಬಕ್ಕೆ ಬಿಗಿದು ಮೊಲೆ ಹಿಡಿಸಿದರೆ ಒದ್ದು, ಹಾಲು ಇಳಿಸದೆ ಬಿಗಿಹಿಡಿಯುತ್ತಿತ್ತು. ರಂಗಕ್ಕ ಅದರ ಕಾಲಿಗೂ ಬಿದ್ದಳು. ನನಗೆ ಆ ಕುರಿಯ ಮೇಲೆ ಎಂಥ ಸಿಟ್ಟು ಬಂತೆಂದರೆ, ಅದರ ಮುಖಕ್ಕೆ ಒಂದು ಬಾರಿಸಬೇಕೆನಿಸಿತು.

ಮರುದಿನ ಗೋಡೆಯಾಚೆ ಸದ್ದಿಲ್ಲದ್ದು ನೋಡಿ ಇಣುಕಿದೆ. ರಂಗಕ್ಕ ಮಚ್ಚು ಹಿಡಿದು ಬಿಳಿ ಕುರಿಯ ಮುಂದೆ ನಿಂತಿದ್ದಳು. ಅದೂ ಅದೇ ವಾರ ಈಯ್ದಿತ್ತು, ಅದರ ಮರಿ ಕುಣಿಯುತ್ತಿತ್ತು. ಸತ್ತ ಮರಿಯ ಚರ್ಮವನ್ನು ತಬ್ಬಲಿ ಮರಿಗೆ ಹೊದಿಸಿದರೆ ಸತ್ತದ್ದರ ತಾಯಿ ತನ್ನದೇ ಎಂದು ಹಾಲು ಕೊಡುತ್ತದೆ, ಇದು ಕುರಿ ಕಾಯುವವರಿಗೆಲ್ಲ ಗೊತ್ತಿರುವ ಉಪಾಯ. ಸತ್ತ ಮರಿ ಇರಲಿಲ್ಲ. ಅವಳ ಲೆಕ್ಕ ನನಗೆ ಆಗ ತಿಳಿಯಿತು: ಬಿಳಿ ಕುರಿಯ ಮರಿಯನ್ನು ಕೊಂದು, ಅದರ ಚರ್ಮವನ್ನು ಮೀಸಲು ಮರಿಗೆ ಹೊದಿಸುವುದು.

ಕುಣಿಯುತ್ತಿದ್ದ ಮರಿ ಬಂದು ತಾಯಿಯ ಮೊಲೆಗೆ ಬಾಯಿ ಹಾಕಿತು. ಬಿಳಿ ಕುರಿ ಕತ್ತು ತಿರುಗಿಸಿ ಅದರ ಬಾಲ ಮೂಸಿ, ಗಂಟಲಲ್ಲೇ ಮೆಲ್ಲಗೆ ಗುಟುರು ಹಾಕಿತು.

"ಸಿದ್ದಗಂಗಿ, ನೀನೇ ಹೇಳೆ," ಎಂದಳು ರಂಗಕ್ಕ. "ಮಕ್ಕಳಿಲ್ದೋಳು ನಾನು. ಇದರ ಮಡ್ಲು ಬರಿದು ಮಾಡಿ ನನ್ ಗಂಡನ್ನ ಉಳಿಸ್ಕಣ್ಲಾ?"

ಅವಳು ಮಚ್ಚು ಬಿಸಾಕಿ ಅಲ್ಲೇ ಕುಸಿದು ಕೂತು ಅತ್ತಳು.

ಮಾರನೆಯ ಬೆಳಿಗ್ಗೆ ಮೀಸಲು ಮರಿ ಅವಳ ಮಡಿಲಲ್ಲೇ ಸತ್ತಿತು. ಮನೆಯವರು ಸತ್ತರೆ ಹೇಗೋ ಹಾಗೆ, ಮೀಸಲು ಮರಿಯನ್ನು ಹೂತ ಮೇಲೂ ನಮ್ಮಲ್ಲಿ ತಲೆಗೆ ನೀರು ಹಾಕಿಕೊಳ್ಳಬೇಕು. ಅವಳು ಹಾಕಿಕೊಂಡಳು. ಒದ್ದೆ ಕೂದಲಿನ ಮೇಲೆ ಸೆರಗು ಹೊದ್ದು ತುಮಕೂರಿನ ಬಸ್ಸು ಹತ್ತಿದಳು. ಒಬ್ಬಳನ್ನೇ ಕಳಿಸಲು ಮನಸ್ಸಾಗದೆ ನಾನೂ ಹೋದೆ.

ಆಸ್ಪತ್ರೆಯಲ್ಲಿ ಮುದ್ದಣ್ಣನಿಗೆ ಎಚ್ಚರವಿತ್ತು. ಮೂಗಿನ ಮೇಲಿದ್ದ ಆಕ್ಸಿಜನ್ ಮಾಸ್ಕನ್ನು ಪಕ್ಕಕ್ಕೆ ಸರಿಸಿ, "ಮೀಸಲು ಮರಿ ಹೆಂಗೈತೆ?" ಎಂದ.

"ಚೆನ್ನಾಗೈತೆ. ತಾಯಿ ಹತ್ರ ಕುಡೀತಾ ಐತೆ," ಎಂದಳು ರಂಗಕ್ಕ. ಹೊದಿಕೆ ಸರಿಮಾಡಲು ಬಗ್ಗಿದಾಗ ಸೆರಗು ಜಾರಿತು.

ಅವನು ಕೈಯೆತ್ತಿ ಅವಳ ಕೂದಲು ಮುಟ್ಟಿ ನೋಡಿದ. "ವಾರ ಅಲ್ಲ, ಹಬ್ಬ ಅಲ್ಲ, ತಲೆಗೆ ಯಾಕೆ ನೀರು ಹಾಕ್ಕಂಡೆ?"

ರಂಗಕ್ಕ ಮಾಸ್ಕನ್ನು ಮತ್ತೆ ಅವನ ಮೂಗಿನ ಮೇಲಿಡಲು ಹೋದಳು. ಅವನು ಮುಖ ತಿರುಗಿಸಿಕೊಂಡ.