ಅಮೆರಿಕದಲ್ಲಿ ಬಡಿದ ರೊಟ್ಟಿ

ನಾನು ಅಮೆರಿಕಕ್ಕೆ ಹೋಗಿ ಬಂದವಳು ಎಂದರೆ ಈಗಿನವರು ನಗುತ್ತಾರೆ. ನಗಲಿ. ಬಸವಕಲ್ಯಾಣವನ್ನು ಕಲ್ಯಾಣಿ ಎನ್ನುತ್ತಿದ್ದ ಕಾಲದಲ್ಲಿ ಅಲ್ಲಿ ಕುರಿ ಸಾಕುವವರ ಮನೆಯಲ್ಲಿ ಹುಟ್ಟಿದೆ. ಹುಮನಾಬಾದಿಗೆ ಸೊಸೆಯಾಗಿ ಬಂದೆ, ಎಳೆ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡೆ, ಊರಿನ ಚಿಕ್ಕ ದವಾಖಾನೆಯಲ್ಲಿ ಕೆಲಸಕ್ಕೆ ನಿಂತೆ. ಅದನ್ನು ನಡೆಸುತ್ತಿದ್ದವರು ಅಮೆರಿಕದ ಒಬ್ಬ ಡಾಕ್ಟರಮ್ಮ, ನಮ್ಮ ಕಡೆಯ ರೂಢಿಯಂತೆ ಎಲ್ಲರೂ ಬಾಯಿ ಎಂದೇ ಕರೆಯುತ್ತಿದ್ದೆವು. ನೆಲ ಒರೆಸುತ್ತ ಒರೆಸುತ್ತ ನಾಲ್ಕು ಅಕ್ಷರ ಕಲಿತೆ, ಹೆರಿಗೆಯ ಹೊತ್ತಿಗೆ ಕೈಯಾಸರೆಗೆ ನಿಲ್ಲುವವಳಾದೆ. ಸುಸೂತ್ರ ಹೆರಿಗೆಯಾದರೆ ಎಲ್ಲ ನಾನೇ ಮಾಡುತ್ತಿದ್ದೆ. ಕೂಸು ಅಡ್ಡ ನಿಂತರೆ ಮಾತ್ರ ಬಾಯಿಯವರು ನನ್ನನ್ನು ಸರಿಸಿ ತಾವೇ ಕೈ ಹಾಕುತ್ತಿದ್ದರು. ಅವರು ಊರಲ್ಲಿಲ್ಲದ ದಿನ ಅಂಥ ಹೆಂಗಸರು ನನ್ನ ಕಣ್ಣೆದುರಿಗೇ ಸತ್ತಿದ್ದಾರೆ. ಆ ಒಂದು ವಿದ್ಯೆ ನನ್ನ ಕೈಗೆ ಬರಬೇಕು ಎಂಬುದನ್ನು ಬಿಟ್ಟು ಬೇರೆ ಆಸೆ ನನಗಿರಲಿಲ್ಲ.

ಎರಡನೆಯ ದೊಡ್ಡ ಯುದ್ಧಕ್ಕೆ ಸ್ವಲ್ಪ ಮುಂಚೆ ಬಾಯಿಯವರು ರಜೆಯ ಮೇಲೆ ತಮ್ಮ ನಾಡಿಗೆ ಹೊರಟಾಗ ನನ್ನನ್ನೂ ಕರೆದರು. ಅಲ್ಲಿನ ಆಸ್ಪತ್ರೆಯಲ್ಲಿ ಹೆರಿಗೆ ಕೆಲಸ ಪೂರ್ತಿ ಕಲಿಸಿ, ನರ್ಸ್ ಮಾಡಿಯೇ ತಿರುಗಿ ಕಳಿಸುತ್ತೇನೆ ಎಂದು ಮಾತು ಕೊಟ್ಟರು. ಅತ್ತೆ ಬಾಯಿಗೆ ಬಂದಂತೆ ಬೈದಳು. ಆ ಬೈಗುಳವನ್ನೇ ಬುತ್ತಿ ಕಟ್ಟಿಕೊಂಡು ಹೊರಟೆ.

ಅವರ ರಾಜ್ಯದ ಹೆಸರು ಲೂಯಿಸಿಯಾನ. ಹಡಗಿನುದ್ದಕ್ಕೂ ಅದರದೇ ಹೊಗಳಿಕೆ. ಒಂದು ಓಣಿಯಲ್ಲಿ ಫ್ರೆಂಚ್ ಮಾತಂತೆ, ಇನ್ನೊಂದರಲ್ಲಿ ಸ್ಪೇನಿನವರಂತೆ, ಆಫ್ರಿಕಾದ ಮೂಲದವರು, ಅಲ್ಲಿನ ಮೂಲನಿವಾಸಿಗಳು, ಎಲ್ಲರೂ ಒಂದೇ ಕಡೆಯಂತೆ. ನಮ್ಮ ಹುಮನಾಬಾದಿನ ಸಂತೆಯಲ್ಲಿ ಕನ್ನಡ, ಉರ್ದು, ಮರಾಠಿ ಕೂಡಿಯೇ ಚೌಕಾಶಿ ನಡೆಯುವುದಿಲ್ಲವೇ, ಹಾಗೇ ಇರಬೇಕು ಅಂದುಕೊಂಡೆ. ಹೋಗಿ ನೋಡಿದರೆ ಮಾತು ಸುಳ್ಳಲ್ಲ. ಅಲ್ಲಿಯೂ ಅನ್ನ ಉಣ್ಣುತ್ತಾರೆ, ಬೆಂಡೆಕಾಯಿಯ ಗಟ್ಟಿ ಸಾರು ಮಾಡುತ್ತಾರೆ, ಖಾರ ಹೆದರದೆ ಹಾಕುತ್ತಾರೆ. ಆ ಸಾರು ಕಪ್ಪು ಜನರ ಮನೆಯಲ್ಲೂ ಒಂದೇ, ಬಿಳಿಯರ ಮನೆಯಲ್ಲೂ ಒಂದೇ. ಕೂಡುವ ಜಾಗ ಮಾತ್ರ ಬೇರೆ, ನೀರು ಕುಡಿಯುವ ನಲ್ಲಿ ಬೇರೆ. ನನಗೇನು ಅದು ಹೊಸದಲ್ಲ. ಬೇರೆ ಬೇರೆ ಜನಕ್ಕೆ ಬೇರೆ ಬೇರೆ ಬಾವಿ ಇದ್ದ ಊರಿನಿಂದಲೇ ನಾನು ಹೋಗಿದ್ದು. ದೂರದ ಬೆಟ್ಟ ನುಣ್ಣಗೆ ಎಂದು ಸುಮ್ಮನಾದೆ.

ಆಸ್ಪತ್ರೆಯ ಮಾತು ಇವತ್ತು ನಾಳೆ ಎಂದು ಮುಂದಕ್ಕೆ ಹೋಯಿತು. ಅಷ್ಟರಲ್ಲಿ ಬಾಯಿಯವರು ನನ್ನನ್ನು ಊರೂರಿನ ಸಭೆಗಳಿಗೆ ಕರೆದೊಯ್ಯತೊಡಗಿದರು. ನಾನು ಸೀರೆಯುಟ್ಟು ವೇದಿಕೆಯ ಮೇಲೆ ಕೂತು ಜೋಳದ ರೊಟ್ಟಿ ಬಡಿಯಬೇಕು, ಅವರು ಪಕ್ಕದಲ್ಲಿ ನಿಂತು ನಮ್ಮ ಊರಿನ ಬಗ್ಗೆ ಭಾಷಣ ಮಾಡಿ ಚಂದಾ ಎತ್ತಬೇಕು. ದವಾಖಾನೆಗೆ ಸಹಾಯ ಸಿಗುತ್ತದಲ್ಲ ಎಂದು ಮೊದಮೊದಲು ಹುರುಪಿನಿಂದಲೇ ಬಡಿದೆ. ಜೋಳವನ್ನು ಬಾಯಿಯವರ ಅಣ್ಣ ಎಲ್ಲಿಂದಲೋ ತಂದು ಬೀಸಿಸಿ ಕೊಡುತ್ತಿದ್ದ. ಮುಗ್ಗಲು ವಾಸನೆ, ಹಿಟ್ಟಿಗೆ ಜಿಗಿಯೇ ಇಲ್ಲ, ರೊಟ್ಟಿ ಅಂಚಿನಲ್ಲಿ ಒಡೆಯುತ್ತಿತ್ತು.

ಒಂದು ಸಭೆಯಲ್ಲಿ ಬಾಯಿಯವರು ಹಿಟ್ಟನ್ನು ತೋರಿಸಿ ಏನೋ ಅಂದರು, ಜನ ಘೊಳ್ಳೆಂದು ನಕ್ಕರು. ಹುಮನಾಬಾದಿನಲ್ಲಿ ಅವರು ಕೋಳಿ ಸಾಕಿದ್ದರಿಂದ ಕೋಳಿಗೂ ಕೋಳಿಯ ಮೇವಿಗೂ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆಂದು ನನಗೆ ಗೊತ್ತಿತ್ತು. ನಾವು ಕೋಳಿಗೆ ಹಾಕುವುದನ್ನು ಈ ಬಡಜನ ತಿಂದು ಬದುಕುತ್ತಾರೆ ಎಂದು ಹೇಳಿದ್ದರು. ಮುಂದಿನ ಸಾಲಿನ ಒಬ್ಬ ಹೆಂಗಸು ಕಣ್ಣೊರೆಸಿಕೊಂಡಳು. ಆ ಕಣ್ಣೀರಿಗಿಂತ ನಗುವೇ ವಾಸಿ ಅನ್ನಿಸಿತು ನನಗೆ. ತಾಯಿಯ ಕೈಯ ರೊಟ್ಟಿಯನ್ನು ಕೋಳಿಯ ಮುಂದೆ ಚೆಲ್ಲಿದ್ದರು, ಚೆಲ್ಲಲು ನನ್ನ ಕೈಯನ್ನೇ ಬಳಸಿದ್ದರು. ಮೈ ಉರಿದುಹೋಯಿತು. ಆದರೂ ಹೆಂಚಿನ ಮೇಲಿದ್ದುದನ್ನು ತಿರುವಿ ಹಾಕಿದೆ, ಯಾಕೆಂದರೆ ಆಸ್ಪತ್ರೆಗೆ ಇನ್ನೂ ಹೋಗುವುದಿತ್ತು.

ಅವತ್ತು ಹೊರಗೆ ಬಂದವಳೇ ಕೇಳಿದೆ, ಆಸ್ಪತ್ರೆಗೆ ಯಾವಾಗ ಎಂದು. ನನ್ನ ಮುಖ ನೋಡಿ ಅವರಿಗೆ ಏನನ್ನಿಸಿತೋ, ಮರುದಿನವೇ ಕರೆದುಕೊಂಡು ಹೋದರು. ನನ್ನನ್ನು ಬಾಗಿಲಾಚೆ ಬೆಂಚಿನ ಮೇಲೆ ಕೂರಿಸಿ ಒಳಗೆ ಹೋದವರು ಬಹಳ ಹೊತ್ತಿನ ಮೇಲೆ ಬಂದರು. ಕಣ್ಣು ಕೆಂಪಾಗಿದ್ದವು. ಅವರು ಆಡುತ್ತಿದ್ದುದು ನಮ್ಮದೇ ಕನ್ನಡ.

“ಇಲ್ಲಿ ಬಿಳಿಯರ ಬಾಗಿಲಾ ಬ್ಯಾರೆ, ಕರಿಯರ ಬಾಗಿಲಾ ಬ್ಯಾರೆ. ನಿನ್ನ ಯಾವುದ್ರಾಗ ಬಿಡಬೇಕು ಅಂತ ಇವರಿಗಿ ತಿಳಿವಲ್ದು.”

“ಹಿತ್ತಲ ಬಾಗಿಲಾದ್ರೂ ನಡೀತದ್ರಿ ಬಾಯೀರಿ. ನನಗ ಕೆಲಸ ಕಲಸ್ರಿ ಅಷ್ಟೇ.”

ಹಿತ್ತಲ ಬಾಗಿಲೇ ಕಪ್ಪು ಜನರದ್ದು, ಅಲ್ಲಿ ರೋಗಿಗಳಿದ್ದಾರೆಯೇ ಹೊರತು ಕಲಿಸುವವರಿಲ್ಲ ಅಂದರು. ಹಾಗಾದರೆ ನೀವೇ ಕಲಿಸಿ ಅಂದೆ. ಊರಿಗೆ ಹೋದ ಮೇಲೆ ಖಂಡಿತ ಕಲಿಸುತ್ತೇನೆ ಎಂದು ನನ್ನ ಕೈ ಹಿಡಿದು ಅತ್ತರು. ಆ ಅಳು ನಿಜವಾದದ್ದೇ. ಎರಡು ದಿನದ ಮೇಲೆ ಇನ್ನೊಂದು ಸಭೆ, ಮತ್ತೆ ರೊಟ್ಟಿ. ಅದೂ ನಿಜವೇ.

ಯುದ್ಧ ಬರುವ ಸುದ್ದಿ ದಟ್ಟವಾದಾಗ ನಮ್ಮ ದೇಶಕ್ಕೆ ಹೊರಡುತ್ತಿದ್ದ ಒಂದು ಕುಟುಂಬದ ಜೊತೆ ನನ್ನನ್ನು ಹಡಗು ಹತ್ತಿಸಿದರು. ಹಿಂದೆಯೇ ಬರುತ್ತೇನೆ ಅಂದವರು ಬರಲೇ ಇಲ್ಲ. ದವಾಖಾನೆಗೆ ಬೀಗ ಬಿತ್ತು. ಊರಿಗೆ ಮಾತ್ರ ನಾನು ಅಮೆರಿಕದ ನರ್ಸ್ ಆಗಿಬಿಟ್ಟೆ. ಅಲ್ಲಪ್ಪ, ಏನೂ ಕಲಿತಿಲ್ಲ ಎಂದರೆ ಬಿಂಕ ಅಂದರು.

ಯುದ್ಧ ನಡೆದಿರುವಾಗಲೇ ಒಂದು ಮಧ್ಯಾಹ್ನ ಕಲ್ಯಾಣಿಯಾಚೆಯ ಮಂಠಾಳದಿಂದ ಎತ್ತಿನ ಬಂಡಿ ಬಂದು ನನ್ನ ಬಾಗಿಲಲ್ಲಿ ನಿಂತಿತು. ಒಳಗೆ ಹೆರಿಗೆ ನೋವಿನ ಹೆಂಗಸು, ನೋವು ತಿಂದು ತಿಂದು ಕೂಗುವ ಶಕ್ತಿಯೂ ಉಳಿದಿರಲಿಲ್ಲ. ಹೊಟ್ಟೆ ಮುಟ್ಟಿದೊಡನೆ ತಿಳಿಯಿತು, ಕೂಸು ಅಡ್ಡ ನಿಂತಿದೆ. ಕಲ್ಯಾಣಿಯ ಮುದುಕಿ ಸೂಲಗಿತ್ತಿಗೆ ತೋರಿಸಿದಿರಾ ಎಂದು ಬಂಡಿ ಹೊಡೆದುಕೊಂಡು ಬಂದಿದ್ದ ಅವಳ ಗಂಡನನ್ನು ಕೇಳಿದೆ. ಅವಳ ಮನೆಯ ಮುಂದಿನಿಂದಲೇ ಬಂದೆವು, ಅಮೆರಿಕದಲ್ಲಿ ಕಲಿತವರು ನೀವಿರುವಾಗ ಅವಳೇಕೆ ಅಂದುಕೊಂಡೆವು ಎಂದ. ಆ ಮುದುಕಿಗಾದರೆ ಕೂಸು ತಿರುಗಿಸಲು ಬರುತ್ತಿತ್ತು.

ನನಗೆ ಬರುವುದಿಲ್ಲ, ಬೀದರಿಗೆ ಕರೆದೊಯ್ಯಿರಿ ಎಂದು ಕೈ ಮುಗಿದೆ. ಅವನೂ ನನಗೆ ಕೈ ಮುಗಿದ. ಬೀದರು ಮುಟ್ಟುವಷ್ಟು ಉಸಿರು ಅವಳಲ್ಲಿರಲಿಲ್ಲ. ಕಂಡಿದ್ದನ್ನು, ಕೇಳಿದ್ದನ್ನು ನೆನೆದು ಕೈ ಹಾಕಿದೆ. ಹೊತ್ತು ಇಳಿಯುವುದರೊಳಗೆ ತಾಯಿಯೂ ಹೋದಳು, ಕೂಸೂ ಹೋಯಿತು.

ಅವನು ಕೂಗಾಡಲಿಲ್ಲ. ಹೆಣವನ್ನು ಬಂಡಿಯಲ್ಲಿ ಮಲಗಿಸಿ, ಎತ್ತು ಹೂಡಿ, ನನ್ನ ಕಡೆ ತಿರುಗಿದ.

“ನೀವೂ ಕುರಿ ಕಾಯೋರ ಮಗಳೇ ಅಂತ ನಂಬಿ ಬಂದೆ. ಅಲ್ಲಿ ಕಲ್ತದ್ದು ಬಡವರಿಗಿ ಹೊರಗ ತೆಗೀಲಾಕ ನಿಮಗ ಮನಸ್ಸಾಗಲಿಲ್ಲ.”

“ಅಲ್ಲಿ ನನಗ ಏನೂ ಕಲಸ್ಲಿಲ್ಲಪ್ಪ. ರೊಟ್ಟಿ ಬಡಸಿದ್ರು.”

ಅವನು ನನ್ನನ್ನು ನೋಡಿದ ರೀತಿಯನ್ನು ಏನೆಂದು ಹೇಳಲಿ. ಹೆಂಡತಿಯ ಹೆಣದ ಮುಂದೆ ನಾನು ತಮಾಷೆ ಮಾಡಿದೆ ಅಂದುಕೊಂಡ. ನನ್ನ ಹೆಸರು ಕೇಳಿದರೆ ಉಗುಳುವ ಮನೆ ಮಂಠಾಳದಲ್ಲಿ ಈಗಲೂ ಒಂದಿದೆ.