ನಡುಕಾಡಿನಲ್ಲಿ ಬ್ರೇಕ್ ಹಾಕಿದ ಹಾಲಸ್ವಾಮಿ

ಶಿವಮೊಗ್ಗ–ಭದ್ರಾವತಿ ಲೈನಿನಲ್ಲಿ ಖಾಸಗಿ ಬಸ್ಸು ಓಡಿಸುವ ಹಾಲಸ್ವಾಮಿಯ ಸಿಟ್ಟು ಆ ರಸ್ತೆಯ ಜನಕ್ಕೆಲ್ಲ ಪರಿಚಯ. ಮಾಚೇನಹಳ್ಳಿಯಲ್ಲಿ ಕೈ ಅಡ್ಡ ಹಿಡಿದು ಬಸ್ಸು ನಿಲ್ಲಿಸಿ, ಆಮೇಲೆ ಇದು ಹೊಳೆಹೊನ್ನೂರಿಗೆ ಹೋಗುತ್ತದಾ ಎಂದು ಕೇಳುವವರನ್ನು ಕಂಡರೆ ಅವನಿಗೆ ಮೈ ಉರಿಯುತ್ತದೆ. ಟೈಮಿಗೆ ಮೊದಲೇ ಬಂದು ಮುಂದೆ ನಿಂತು ಜನ ತುಂಬಿಕೊಳ್ಳುವ ಬಸ್ಸುಗಳನ್ನು ಕಂಡರೆ ಇನ್ನೂ ಉರಿಯುತ್ತದೆ. ಆದರೆ ಇಷ್ಟು ವರ್ಷದಲ್ಲಿ ಅವನ ಬಸ್ಸು ಒಂದು ನಾಯಿಗೂ ತಾಗಿದ್ದಿಲ್ಲ. ಹೇಗೆ ಎಂದು ಕೇಳಿದರೆ, ರಸ್ತೆಯಲ್ಲಿ ಯಾರನ್ನೂ ನಂಬುವುದಿಲ್ಲ, ಅದಕ್ಕೇ ಎನ್ನುತ್ತಾನೆ. ಅವನು ನಂಬುವುದು ತನ್ನ ಕಾಲ ಕೆಳಗಿನ ಬ್ರೇಕನ್ನು, ಮತ್ತು ಹಿಂದಿನ ಬಾಗಿಲಲ್ಲಿ ನೇತಾಡುವ ಕಂಡಕ್ಟರ್ ರುದ್ರೇಶನ ಸೀಟಿಯನ್ನು. ಎರಡು ಸೀಟಿಗೆ ಹೊರಡಬೇಕು, ಒಂದು ಸೀಟಿಗೆ ನಿಲ್ಲಬೇಕು. ತಲೆಗೆ ಗೊತ್ತಾಗುವ ಮೊದಲೇ ಕಾಲು ಬ್ರೇಕಿನ ಮೇಲೆ ಕೂತಿರುತ್ತದೆ.

ಮಳೆಗಾಲ ಮುಗಿದಾಗಿನಿಂದ ಅವನ ಸಿಟ್ಟಿಗೆ ಮನೆಯಲ್ಲೇ ಒಂದು ಕಾರಣ ಹುಟ್ಟಿಕೊಂಡಿತ್ತು. ಮಗಳು ಸುಮನಾ ಡಿಗ್ರಿ ಮುಗಿಸಿ, ಹೇಳದೆ ಕೇಳದೆ ಹಗ್ಗ ಹತ್ತುವ ತರಬೇತಿಗೆ ಸೇರಿ, ಘಟ್ಟದ ಅಂಚಿನ ಕಾಡಿನಲ್ಲಿ ಜಿಪ್ ಲೈನ್ ನಡೆಸುವವರ ಹತ್ತಿರ ಗೈಡ್ ಆಗಿ ನಿಂತುಬಿಟ್ಟಿದ್ದಳು. ಮರದಿಂದ ಮರಕ್ಕೆ ಉಕ್ಕಿನ ತಂತಿ ಎಳೆದು, ತಂತಿಯ ಮೇಲೆ ರಾಟೆ ಕೂರಿಸಿ, ರಾಟೆಗೆ ಮನುಷ್ಯರನ್ನು ನೇತುಹಾಕಿ ಆಚೆಗೆ ಜಾರಿಬಿಡುವ ಕೆಲಸ. ಭದ್ರಾವತಿಯ ಮನೆಗೆ ಹತ್ತಿರದ ಓಲ್ಡ್ ಟೌನಿನ ಬಟ್ಟೆ ಅಂಗಡಿಯಲ್ಲಿ ಫ್ಯಾನಿನ ಕೆಳಗೆ ಕೂತು ಬಿಲ್ ಬರೆಯುವ ಕೆಲಸವನ್ನು ಹಾಲಸ್ವಾಮಿ ಅವಳಿಗಾಗಿ ಗೊತ್ತುಮಾಡಿದ್ದ. ಅದನ್ನು ಬಿಟ್ಟು ಇವಳು ಕೋತಿಯ ಹಾಗೆ ಮರದ ಮೇಲೆ ದುಡಿಯುತ್ತಾಳೆ ಎಂದರೆ ಅವನು ಬಸ್ ಸ್ಟ್ಯಾಂಡಿನಲ್ಲಿ ತಲೆ ಎತ್ತುವುದು ಹೇಗೆ? ರುದ್ರೇಶ ಬೇರೆ ದಿನಾ ಚುಚ್ಚುತ್ತಿದ್ದ.

"ನಿಮ್ಮ ಮಗಳು ಜನಾನ ಮರ ಹತ್ತಿಸ್ತಾಳಂತೆ ಮಾರಾಯ್ರೆ. ನೀವು ನೋಡಿದ್ರೆ ಬಸ್ ಹತ್ತಿದ ಜನಾನೂ ಇಳಿಸ್ತೀರಿ."

ಮನೆಯಲ್ಲಿ ಜಗಳ ಹರಿಯಲೇ ಇಲ್ಲ. ಕೊನೆಗೆ ಹೆಂಡತಿ ಜಗದಾಂಬಾ, ಇಬ್ಬರ ಕೂಗಾಟ ಕೇಳಿ ಸಾಕಾಗಿ, ರೊಟ್ಟಿ ತಟ್ಟುವ ಕೈ ನಿಲ್ಲಿಸಿ ಒಂದು ಕರಾರು ಹಾಕಿದಳು. ಹಾಲಸ್ವಾಮಿ ಒಂದು ಭಾನುವಾರ ಅಲ್ಲಿಗೆ ಹೋಗಬೇಕು. ಮೊದಲ ಮರದಿಂದ ಕೊನೆಯ ಮರದವರೆಗೆ ತಾನೇ ಹೋಗಿ ನೋಡಬೇಕು. ಆಮೇಲೂ ಬೇಡ ಎಂದರೆ ಸುಮನಾ ಸೋಮವಾರದಿಂದ ಬಟ್ಟೆ ಅಂಗಡಿಗೆ. ನಡುವೆ ಇಳಿದು ಬಂದರೆ ಅವನು ಇನ್ನು ಬಾಯಿ ತೆರೆಯುವಂತಿಲ್ಲ. ಸುಮನಾ ಒಪ್ಪಿದಳು. ಹಾಲಸ್ವಾಮಿಗೆ ಒಪ್ಪದೆ ದಾರಿಯಿರಲಿಲ್ಲ, ಆದರೆ ಒಪ್ಪುವಾಗಲೇ ಅವನ ಬಾಯಲ್ಲಿ 'ಬೇಡ' ಎನ್ನುವ ಮಾತು ಸಿದ್ಧವಾಗಿತ್ತು.

ಭಾನುವಾರ ಬೆಳಿಗ್ಗೆ ಅಪ್ಪ ಮಗಳು ಶಿವಮೊಗ್ಗದಿಂದ ಜಿಪ್ ಲೈನಿನವರದೇ ಜೀಪಿನಲ್ಲಿ ಹೊರಟರು. ಹಾಲಸ್ವಾಮಿ ಬೇರೆಯವರು ಓಡಿಸುವ ಗಾಡಿಯಲ್ಲಿ ಕೂತವನಲ್ಲ. ಜೀಪಿನವನು ತಿರುವಿನಲ್ಲಿ ಕ್ಲಚ್ ಮೇಲೆ ಕಾಲಿಟ್ಟುಕೊಂಡೇ ಹೋಗುತ್ತಿದ್ದ. ಪಕ್ಕದ ಸೀಟಿನಲ್ಲಿ ಕೂತ ಹಾಲಸ್ವಾಮಿಗೆ, ಇಲ್ಲದ ಬ್ರೇಕನ್ನು ಒತ್ತಿ ಒತ್ತಿ, ಕಾಡು ಮುಟ್ಟುವಷ್ಟರಲ್ಲಿ ಮೀನಖಂಡ ಹಿಡಿದುಕೊಂಡಿತ್ತು. ಹಿಂದಿನ ಸೀಟಿನಲ್ಲಿ ಶಿವಮೊಗ್ಗದ ಒಂದು ಸಂಸಾರ ದಾರಿಯುದ್ದಕ್ಕೂ ಚಕ್ಕುಲಿ ಕುರುಕುತ್ತ ನಗುತ್ತಿತ್ತು. ಇದರಲ್ಲಿ ನಗುವುದಕ್ಕೆ ಏನಿದೆ ಎಂದು ಅವನಿಗೆ ಹೊಳೆಯಲಿಲ್ಲ.

ಅಲ್ಲಿ ಇಳಿದ ಮೇಲೆ ಸುಮನಾ ಮಗಳಾಗಿ ಉಳಿಯಲಿಲ್ಲ. ತಲೆಗೆ ಹೆಲ್ಮೆಟ್, ಕೊರಳಲ್ಲಿ ಸೀಟಿ, ಸೊಂಟದ ತುಂಬ ಕೊಕ್ಕೆಗಳು. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಮಾತಾಡಲು ಶುರುಮಾಡಿದಳು. ತೊಡೆಗೆ, ಸೊಂಟಕ್ಕೆ, ಎದೆಗೆ ಪಟ್ಟಿ ಬಿಗಿಯುವ ಕೆಲಸ ಇನ್ನೊಬ್ಬ ಗೈಡ್ ಧರ್ಮೇಂದ್ರನದು. ಅವನು ಹಾಲಸ್ವಾಮಿಯ ಎದೆಯ ಪಟ್ಟಿ ಎಳೆಯುವಾಗ ಅಂಗಿಯೊಳಗೆ ಗಟ್ಟಿಯಾಗಿ ಏನೋ ತಗುಲಿತು. ಕೊರಳಲ್ಲಿರೋದನ್ನ ತೆಗೆದು ಈ ಡಬ್ಬಿಗೆ ಹಾಕಿ ಸಾರ್ ಎಂದ. ಹಾಲಸ್ವಾಮಿಯ ಪಿತ್ತ ನೆತ್ತಿಗೇರಿತು. ಅದು ಇಷ್ಟಲಿಂಗ. ಹುಟ್ಟಿದಾಗ ಕಟ್ಟಿದ್ದು, ಮಣ್ಣಿಗೆ ಹೋಗುವಾಗಲೂ ಮೈಮೇಲೆ ಇರುವಂಥದ್ದು. ಊರವರ ಕನ್ನಡಕ, ಬೀಗದ ಕೈ ತುಂಬಿದ ಪ್ಲಾಸ್ಟಿಕ್ ಡಬ್ಬಿಗೆ ಅದನ್ನು ಹಾಕುವುದೇ? ಧರ್ಮೇಂದ್ರ ಪಾಪ ರೂಲ್ಸ್ ಎಂದ. ಹಾಲಸ್ವಾಮಿ ರೂಲ್ಸ್ ಮಾಡಿದವನನ್ನು ಕರಿ ಎಂದ. ಪಟ್ಟಿ ಬಿಗಿದರೆ ಎದೆಗೆ ಒತ್ತುತ್ತದೆ, ದಾರ ಕೊರಳಿಗೆ ಸುತ್ತಿಕೊಂಡರೆ ಅಪಾಯ ಎಂದು ಅವನು ಹೇಳಿದಷ್ಟೂ ಇವನ ದನಿ ಏರಿತು. ಆ ಕಡೆ ಸುಮನಾ ಸಾಲಿನವರಿಗೆ ಬ್ರೇಕಿನ ವಿಷಯ, ಕೈಸನ್ನೆ, ಸೀಟಿಯ ವಿಷಯ ಎಲ್ಲ ಹೇಳುತ್ತಿದ್ದಳು. ಈ ಕಡೆಯ ಗಲಾಟೆಯಲ್ಲಿ ಹಾಲಸ್ವಾಮಿಯ ಕಿವಿಗೆ ಅದರ ಒಂದಕ್ಷರವೂ ಬೀಳಲಿಲ್ಲ.

ಮಾತು ಮುಗಿಸಿ ಅವಳು ಬಂದಳು. ಜಗಳದಲ್ಲಿ ಯಾರದು ಸರಿ ಎಂದು ಕೇಳಲಿಲ್ಲ. ತನ್ನ ಎಡತೋಳಿನ ಮೇಲೆ ಅಂಗಿ ಸರಿಸಿ ತೋರಿಸಿದಳು. ಶಿವದಾರವನ್ನು ಗಿಡ್ಡ ಮಾಡಿ, ಲಿಂಗದ ಕರಡಿಗೆಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ತೋಳಿಗೆ ಕಟ್ಟಿಕೊಂಡಿದ್ದಳು. ಹಾಲಸ್ವಾಮಿಯ ತಾಯಿ ಹೂವಮ್ಮ ಗದ್ದೆ ನಾಟಿಗೆ ಬಗ್ಗುವಾಗ ಹಾಗೇ ಕಟ್ಟಿಕೊಳ್ಳುತ್ತಿದ್ದಳು. ಸುಮನಾ ಚೀಲದಿಂದ ಒಗೆದು ಮಡಿಸಿದ ಇನ್ನೊಂದು ಬಟ್ಟೆ ತೆಗೆದಳು. ಅಂದರೆ ಇದು ಹೀಗಾಗುತ್ತದೆ ಎಂದು ಮನೆಯಲ್ಲೇ ಯೋಚಿಸಿ ತಂದಿದ್ದಳು. ಹಾಲಸ್ವಾಮಿ ಸುಮ್ಮನೆ ತೋಳು ಚಾಚಿದ. ಅರ್ಧ ಜಗಳ ಗಂಟಲಲ್ಲೇ ಉಳಿದದ್ದಕ್ಕೆ ಅವನಿಗೆ ಇನ್ನಷ್ಟು ಕಿರಿಕಿರಿಯಾಯಿತು.

ಮೊದಲ ಎರಡು ತಂತಿ ಚಿಕ್ಕವು. ಕೈಗೆ ದಪ್ಪ ಚರ್ಮದ ಗವಸು ಕೊಟ್ಟಿದ್ದರು. ಒಂದು ಕೈಯನ್ನು ರಾಟೆಯ ಹಿಂದೆ ತಂತಿಯ ಮೇಲೆ ಸುಮ್ಮನೆ ಇಟ್ಟುಕೊಳ್ಳಬೇಕು, ಆಚೆ ಮರದ ಅಟ್ಟಣಿಗೆಯಿಂದ ಸುಮನಾ ಕೈ ಇಳಿಸಿದಾಗ ಮಾತ್ರ ಒತ್ತಬೇಕು, ಅದೇ ಬ್ರೇಕು ಎಂದು ಧರ್ಮೇಂದ್ರ ಇವನೊಬ್ಬನಿಗೇ ಮತ್ತೆ ಬಿಡಿಸಿ ಹೇಳಿದ. ಸೀಟಿಯ ವಿಷಯ ಅವನೂ ಮರೆತ. ಅಲ್ಲಿ ಸೀಟಿ ಬೇಕಾಗಿಯೂ ಇರಲಿಲ್ಲ, ಈ ಮರದಿಂದ ಆ ಮರ ಕಾಣುತ್ತಿತ್ತು. ಹಾಲಸ್ವಾಮಿ ಕಣ್ಣು ಮುಚ್ಚಿ ಕಾಲು ಬಿಟ್ಟ, ತೆರೆಯುವಷ್ಟರಲ್ಲಿ ಆಚೆ ಇದ್ದ. ಇಷ್ಟೇನಾ ಎಂದು ಗೊಣಗಿದ. ಹೆಲ್ಮೆಟ್ ಬೆವರು ಬರಿಸುತ್ತದೆ, ಪಟ್ಟಿ ತೊಡೆ ಕೊಯ್ಯುತ್ತದೆ, ಅಟ್ಟಣಿಗೆಯ ಹಲಗೆ ಅಲುಗುತ್ತದೆ ಎಂದು ತಪ್ಪು ಹುಡುಕುತ್ತಲೇ ಹೋದ. ಹಲಗೆ ಅಲುಗುತ್ತಿರಲಿಲ್ಲ. ಅವನು ಮಾತ್ರ ಮರದ ಕಾಂಡವನ್ನು ತಬ್ಬಿಕೊಂಡೇ ನಿಂತಿದ್ದ.

ಮೂರನೆಯದು ಕಣಿವೆಯ ಮೇಲಿನ ಉದ್ದ ತಂತಿ. ಆಚೆ ದಡ ಮರಗಳಲ್ಲಿ ಮುಚ್ಚಿಹೋಗಿತ್ತು. ಸುಮನಾ ಮೊದಲು ಹೋದಳು, ಒಂದು ಸದ್ದೂ ಇಲ್ಲದೆ ಹಸಿರಿನೊಳಗೆ ಕರಗಿಹೋದಳು. ಆಮೇಲೆ ಧರ್ಮೇಂದ್ರ ಹಾಲಸ್ವಾಮಿಯ ಕೊಕ್ಕೆ ನೋಡಿ, ಬೆನ್ನು ತಟ್ಟಿ ಬಿಟ್ಟ. ಈ ಸಲ ಅವನು ಕಣ್ಣು ತೆರೆದೇ ಇದ್ದ. ಕಾಲ ಕೆಳಗೆ ಮರಗಳ ತಲೆ, ಅದರ ಕೆಳಗೆ ಎಲ್ಲೋ ನೀರಿನ ಸದ್ದು. ರಾಟೆ ಕೀಚಲು ದನಿಯಲ್ಲಿ ಓಡುತ್ತಿತ್ತು. ಸ್ಟಿಯರಿಂಗ್ ಇಲ್ಲ, ಕಾಲಿಗೆ ಏನೂ ಸಿಗುತ್ತಿಲ್ಲ. ಮರಗಳ ಸಂದಿಯಿಂದ ಅವನು ಬಯಲಿಗೆ ಬಂದ ಹೊತ್ತಿಗೆ ಆಚೆಯಿಂದ ಒಂದು ಸೀಟಿ ಕೇಳಿತು.

ಒಂದೇ ಸೀಟಿ. ಹಾಲಸ್ವಾಮಿಯ ಬಲಗಾಲು ಗಾಳಿಯಲ್ಲಿ ಝಾಡಿಸಿ ಒತ್ತಿತು. ಅಲ್ಲಿ ಏನೂ ಸಿಗದಿದ್ದಾಗ ಕೈ ತಂತಿಯನ್ನು ಕಚ್ಚಿ ಹಿಡಿಯಿತು. ಗವಸು ಬಿಸಿಯಾಗಿ ಸುಟ್ಟ ವಾಸನೆ ಬಂತು. ವೇಗ ಇಳಿಯಿತು, ರಾಟೆ ನಿಂತಿತು. ತಂತಿ ಜೋತುಬಿದ್ದಿದ್ದ ನಡುಮಧ್ಯದಲ್ಲಿ ಅವನು ಸಂತೆಯ ಬಾಳೆಗೊನೆಯ ಹಾಗೆ ತೂಗಾಡುತ್ತ ಉಳಿದ.

ಈಚೆಯಿಂದ ಧರ್ಮೇಂದ್ರ ಕೈ ಬಿಡಿ ಕೈ ಬಿಡಿ ಎಂದು ಕೂಗಿದ. ಸಾಲಿನಲ್ಲಿ ನಿಂತಿದ್ದ ಸಂಸಾರ ಮೊಬೈಲು ಎತ್ತಿ ಹಿಡಿಯಿತು. ಹಾಲಸ್ವಾಮಿ ಬಾಯಿಗೆ ಬಂದ ಹಾಗೆ ಬೈದ. ತಂತಿಯನ್ನು, ಕಾಡನ್ನು, ಕರಾರು ಹಾಕಿದ ಜಗದಾಂಬಾಳನ್ನು, ಚಕ್ಕುಲಿ ತಿನ್ನುವವರನ್ನು ಎಲ್ಲ ಬೈದ. ಬೈಗುಳ ಕಣಿವೆಗೆ ಬಿದ್ದು ಹೋಯಿತು. ಬೈದು ಮುಗಿದ ಮೇಲೆ ಬರಿಯ ಹೆದರಿಕೆ ಉಳಿಯಿತು.

ಅಷ್ಟರಲ್ಲಿ ಆಚೆ ಕಡೆಯಿಂದ ತಂತಿ ನಡುಗಿತು. ಸುಮನಾ ತನ್ನ ರಾಟೆಗೆ ನೇತುಬಿದ್ದು, ಕೈ ಮೇಲೆ ಕೈ ಹಾಕಿ ತಂತಿ ಎಳೆಯುತ್ತ ಬರುತ್ತಿದ್ದಳು. ಬಂದವಳೇ ಮುಖ ನೋಡಲಿಲ್ಲ. ಅವನ ಕೊಕ್ಕೆ ನೋಡಿದಳು, ಪಟ್ಟಿ ನೋಡಿದಳು, ತೋಳಿನ ಗಂಟು ಬಿಗಿಯಾಗಿದೆಯೇ ಎಂದು ಮುಟ್ಟಿ ನೋಡಿದಳು. ಆಮೇಲೆ ತನ್ನ ಹಗ್ಗವನ್ನು ಅವನಿಗೆ ಸಿಕ್ಕಿಸಿದಳು.

"ಯಾಕೆ ಬ್ರೇಕ್ ಹಾಕಿದ್ರಿ ಅಪ್ಪಾಜಿ?"

"ಸೀಟಿ ಹೊಡೆದೋಳು ನೀನು. ಡ್ರೈವರ್ ಮಗಳಾಗಿ ಒಂದು ಸೀಟಿಗೆ ಏನು ಮಾಡ್ತಾರೆ ಅಂತ ಗೊತ್ತಿಲ್ವಾ ನಿಂಗೆ?"

"ನೀವು ಕಾಣಿಸಿದ್ರಿ ಅಂತ ಆ ಕಡೆ ಧರ್ಮೇಂದ್ರನಿಗೆ ತಿಳಿಸೋಕೆ ಹೊಡೆದಿದ್ದು. ಸಾಲಾಗಿ ನಿಲ್ಲಿಸಿದಾಗಲೇ ಹೇಳಿದ್ನಲ್ಲ. ನೀವು ಜಗಳ ಆಡ್ತಿದ್ರಿ."

ಹಾಲಸ್ವಾಮಿ ತಲೆ ಎತ್ತಿ ನೋಡಿದ. ಕೈ ಇನ್ನೂ ತಂತಿಯನ್ನು ಹಿಡಿದೇ ಇತ್ತು. ತೆಗೆಯಬೇಕೆಂದರೂ ಬೆರಳು ಬಿಚ್ಚುತ್ತಿರಲಿಲ್ಲ.

"ಕೈ ತೆಗೀರಿ."

"ತೆಗೆದ್ರೆ?"

"ತೆಗೆದ್ರೆ ಹೋಗ್ತೀವಿ. ಇಲ್ಲಾಂದ್ರೆ ಇಲ್ಲೇ ಇರ್ತೀವಿ, ಹಿಂದೆ ಜನ ಕಾಯ್ತಿದಾರೆ. ಕೈ ಒಳಗೆ."

ಆ ದನಿಯನ್ನು ಅವನು ಗುರುತು ಹಿಡಿದ. ಬಸ್ಸಿನ ಕಿಟಕಿಯಿಂದ ಮೊಣಕೈ ಹೊರಗಿಟ್ಟವರಿಗೆ ಅವನು ಕನ್ನಡಿಯಲ್ಲಿ ನೋಡುತ್ತ ಹೇಳುವ ಮಾತು ಅದು. ಅದೇ ಸಿಡುಕು. ಕೇಳಿದವರು ಯಾಕೆ ಅಂತ ಕೇಳದೆ ಕೈ ಎಳೆದುಕೊಳ್ಳುತ್ತಾರೆ. ಹಾಲಸ್ವಾಮಿಯೂ ಎಳೆದುಕೊಂಡ. ಸುಮನಾ ಬೆನ್ನು ತಿರುಗಿಸಿ, ಅವನ ಭಾರವನ್ನೂ ಸೇರಿಸಿ, ಏರುವ ತಂತಿಯಲ್ಲಿ ಎಳೆಯತೊಡಗಿದಳು. ಅವಳ ಉಸಿರು ಕೇಳುತ್ತಿತ್ತು. ಒಂದು ಕಡೆ ನಿಂತು ಮುಂಗೈ ಒರೆಸಿಕೊಂಡಳು, ಮತ್ತೆ ಎಳೆದಳು. ಅವನಿಗೆ ಮಾಡಲು ಏನೂ ಇರಲಿಲ್ಲ. ಬದುಕಿನಲ್ಲಿ ಮೊದಲ ಸಲ ಅವನು ಪೂರ್ತಿ ಪ್ಯಾಸೆಂಜರ್ ಆಗಿದ್ದ, ಮತ್ತು ಅದು ಅವನಿಗೆ ಒಂಚೂರೂ ಹಿಡಿಸಲಿಲ್ಲ.

ಅಟ್ಟಣಿಗೆ ಮುಟ್ಟಿದಾಗ ಅಲ್ಲಿ ಕೆಳಗಿಳಿಯುವ ಏಣಿ ಕಂಡಿತು. ಸುಮನಾ ಅದನ್ನು ನೋಡಿದಳು, ಅವನನ್ನು ನೋಡಲಿಲ್ಲ. ಇಳಿದರೆ ಕರಾರು ಮುರಿಯುತ್ತದೆ, 'ಬೇಡ' ಎನ್ನುವ ಹಕ್ಕು ಹೋಗುತ್ತದೆ. ಆ ಒಂದು ಮಾತಿಗೋಸ್ಕರ ಹಾಲಸ್ವಾಮಿ ಹಲ್ಲು ಕಚ್ಚಿ ಉಳಿದ ತಂತಿಗಳನ್ನೂ ದಾಟಿದ. ಸೀಟಿ ಕೇಳಿದಾಗಲೆಲ್ಲ ಕಾಲು ಝಾಡಿಸಿತು, ಕೈ ಮಾತ್ರ ಸುಮ್ಮನಿತ್ತು. ಮಗಳು ಕೈ ಇಳಿಸಿದಾಗ ಒತ್ತಿದ, ನಿಂತ.

ಕೆಳಗೆ ಬಂದ ಮೇಲೆ ಅವಳು ಒಂದೊಂದೇ ಪಟ್ಟಿ ಬಿಚ್ಚಿದಳು. ತೋಳಿನ ಗಂಟು ಬಿಚ್ಚಿ, ಶಿವದಾರ ಅವನ ಕೈಗಿತ್ತು ನಿಂತಳು. ಚಕ್ಕುಲಿಯ ಸಂಸಾರದ ಗಂಡಸು ಹಾಯುತ್ತ, ಒಳ್ಳೆ ಜಾಗದಲ್ಲಿ ಸ್ಟಾಪ್ ಕೊಟ್ರಿ ಸಾರ್ ಎಂದ. ಹಾಲಸ್ವಾಮಿ ಅವನನ್ನು ಸುಟ್ಟುಬಿಡುವ ಹಾಗೆ ನೋಡಿದ. ಬೆಳಿಗ್ಗೆಯಿಂದ ಬಾಯಲ್ಲಿ ಕೂತಿದ್ದ ಮಾತನ್ನು ಈಗ ಉಗುಳಬೇಕಿತ್ತು. ಆದರೆ ಮಗಳ ಮುಂಗೈಯಲ್ಲಿ ಕೆಂಪಗೆ ಬರೆ ಎದ್ದಿತ್ತು, ಅದು ಅವನನ್ನು ಎಳೆದು ತಂದದ್ದರ ಬರೆ. 'ಬೇಡ' ಹೊರಗೆ ಬರಲಿಲ್ಲ. ಬರದೆ ಹೋದದ್ದಕ್ಕೆ ಅವನಿಗೆ ತನ್ನ ಮೇಲೇ ಕೆಟ್ಟ ಸಿಟ್ಟು ಬಂತು.

"ಆ ಸೀಟಿ ಸರಿಯಿಲ್ಲ," ಎಂದ. "ನಿಮ್ಮ ಮಾಲೀಕರಿಗೆ ಹೇಳು. ಈ ಜಿಲ್ಲೇಲಿ ಇರೋರೆಲ್ಲ ಬಸ್ಸಲ್ಲಿ ಓಡಾಡೋರು. ನಾಳೆ ಇನ್ನೊಬ್ಬ ಡ್ರೈವರ್ ಬಂದು ಹಿಂಗೇ ನೇತಾಡ್ತಾನೆ. ಎರಡು ಹೊಡಿ."

"ನಾಳೆ ಸೋಮವಾರ. ನಾಳೆ ನಾನು ಅಂಗಡೀಲಿ ಇರ್ತೀನೋ, ಇಲ್ಲಿರ್ತೀನೋ?"

"ಅಂಗಡೀಲಿ ಕೂತು ಯಾರಿಗೆ ಸೀಟಿ ಹೊಡೀತೀಯ," ಎಂದು ಸಿಡುಕಿ, ಅವನು ಜೀಪಿನ ಕಡೆ ನಡೆದ.

ಮರುದಿನ ಮೊದಲ ಟ್ರಿಪ್ಪಿನಲ್ಲಿ ರುದ್ರೇಶ ಬಾಗಿಲಿಂದಲೇ ಇಣುಕಿ, ಮರ ಹತ್ತಿದ್ರಂತೆ, ಹೆಂಗಿತ್ತು ಎಂದು ಕೇಳಿದ. ಹಾಲಸ್ವಾಮಿ ಗೇರು ಹಾಕಿ, ಹಿಂದಿನ ಕನ್ನಡಿ ಸರಿಮಾಡಿಕೊಂಡ. ಸುಮನಾ ಶಿವಮೊಗ್ಗದಲ್ಲಿ ಕಾಡಿನ ಜೀಪು ಹಿಡಿಯಲು ಮೂರನೆಯ ಸೀಟಿನಲ್ಲಿ ಕೂತಿದ್ದಳು, ಮೊಣಕೈ ಕಿಟಕಿಯ ಹೊರಗಿತ್ತು.

"ಕೈ ಒಳಗೆ," ಎಂದ.